ಒಂಬತ್ತು ಕಾಳಿನ ಪಾಲು

ಮೊದಲು ನಾಲ್ಕು ಬೆರಳು ಕಾಣುತ್ತಿದ್ದವು. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಊರಿದ ಬಲಗೈಯ ನಾಲ್ಕು ಬೆರಳು, ಅದರಲ್ಲೊಂದಕ್ಕೆ ಕೆತ್ತನೆ ಸವೆದುಹೋದ ಚಿನ್ನದ ಉಂಗುರ. ಆಮೇಲೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಅರೆನರೆತ ತಲೆ, ಆಮೇಲೆ ದಪ್ಪ ಕನ್ನಡಕ. ಮೂಗಿನವರೆಗೆ ಮೇಲೆ ಬಂದು ಮುಖ ಅಲ್ಲಿಗೇ ನಿಲ್ಲುತ್ತಿತ್ತು. ಬಾಯಿ ಗೋಡೆಯ ಆಚೆ, ಮಾತು ಈಚೆ. ನಮ್ಮ ಪಕ್ಕದ ಮನೆಯ ಬಾಯಮ್ಮ ಅಷ್ಟು ಕುಳ್ಳಗಿದ್ದರು. ಬಣ್ಣದ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತರೂ ಅಷ್ಟೇ ಎತ್ತರ. ಸಿಮೆಂಟಿನ ನೆಲದ ಮೇಲೆ ಬಕೆಟ್ಟು ಕರ್ರೆಂದು ಎಳೆದ ಸದ್ದು ಕೇಳಿದರೆ ನಾನು ಒಲೆ ಸಣ್ಣಗೆ ಮಾಡಿ ಹೊರಗೆ ಬರುತ್ತಿದ್ದೆ.

ಮಲೇಷ್ಯಾದ ಪುಚೊಂಗ್‌ನ ಆ ಸಾಲು ಮನೆಗೆ ನಾವು ಬಂದು ಮೂರು ದಿನವಾಗಿತ್ತು. ಮಗಳು ಮೇಘನಾ ಆಗ ಎರಡನೆಯ ತರಗತಿ. ಶೂ ಹಾಕಿಕೊಳ್ಳದೆ ಸತಾಯಿಸುತ್ತಿದ್ದಳು. "ಬಸ್ಸು ಬಂತು ಕಣೆ, ಒಂದು ಕೊಟ್ಟೆ ಅಂದ್ರೆ ಗೊತ್ತಾಗುತ್ತೆ ನಿಂಗೆ" ಎಂದು ನಮ್ಮ ದಾವಣಗೆರೆಯ ದನಿಯಲ್ಲೇ ಗದರಿದೆ. ಗೋಡೆಯ ಮೇಲೆ ಬೆರಳು ಮೂಡಿದವು, ಕನ್ನಡಕ ಮೂಡಿತು.

"ಕನ್ನಡದವರಾ ನೀವು? ಎಂತ ಮಾರಾಯ್ರೆ, ಮೂರು ದಿನದಿಂದ ನಾನು ನಿಮ್ಮ ಹತ್ರ ಅರ್ಧಂಬರ್ಧ ತಮಿಳು ಮಾತಾಡಿ ಮಾತಾಡಿ ಸುಸ್ತಾದೆ. ಮೊದಲೇ ಹೇಳ್ಲಿಕ್ಕೆ ಏನು ಧಾಡಿ?"

ಆಂಟಿ ಎಂದು ಕರೆದರೆ ಮುಖ ಸಿಂಡರಿಸಿದರು. ಮಂಗಳೂರಿನ ಕಡೆ ತಮ್ಮಂಥ ಕ್ರಿಶ್ಚಿಯನ್ ಹೆಂಗಸರನ್ನು ಅಕ್ಕಪಕ್ಕದವರು ಬಾಯಮ್ಮ ಅನ್ನುತ್ತಾರೆ, ಇಲ್ಲಿ ಹಾಗೆ ಕರೆಯುವವರು ಯಾರೂ ಇಲ್ಲ, ನೀವಾದರೂ ಕರೆಯಿರಿ ಎಂದರು. ಆವತ್ತಿನಿಂದ ನಮ್ಮ ಮನೆಯಲ್ಲಿ ಅವರು ಬಾಯಮ್ಮನೇ.

ಪ್ರೀತಿ ಎಷ್ಟಿತ್ತೋ ಪೈಪೋಟಿಯೂ ಅಷ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ. ನಾವು ದೀಪಾವಳಿಗೆ ಗೇಟಿನುದ್ದಕ್ಕೂ ಹಣತೆ ಹಚ್ಚಿದರೆ ಆ ಸಲ ಅವರ ಕ್ರಿಸ್ಮಸ್ ನಕ್ಷತ್ರ ಒಂದು ಅಡಿ ದೊಡ್ಡದಾಗುತ್ತಿತ್ತು. ಅವರ ಮಗ ಗ್ಲೆನ್‌ಗೆ ಶಾಲೆಯಲ್ಲಿ ಬಹುಮಾನ ಬಂದರೆ ನಾನು ಆ ವಾರವೆಲ್ಲ ಮೇಘನಾಳ ಪ್ರಾಣ ಹಿಂಡುತ್ತಿದ್ದೆ. ನಾನು ಹೋಳಿಗೆ ಕಳಿಸಿದ ಮರುದಿನ ಬಕೆಟ್ಟು ಎಳೆದು, "ಹೋಳಿಗೆ ಒಳ್ಳೇದಿತ್ತು. ಸ್ವಲ್ಪ ದಪ್ಪ. ನಿಮ್ಮ ಕಡೆ ಹಾಗೇ ಏನೋ" ಅನ್ನುತ್ತಿದ್ದರು. ನಾನೇನು ಕಮ್ಮಿ? "ನಿಮ್ಮ ನೀರುದೋಸೆನೂ ಚೆನ್ನಾಗಿತ್ತು ರೀ, ಆಚೆ ಕಡೆ ಇರೋದೆಲ್ಲ ಕಾಣ್ತಿತ್ತು" ಅಂದಿದ್ದೆ. ಅದಕ್ಕೆ ಅವರು ಬಕೆಟ್ಟಿನ ಮೇಲಿಂದ ಬೀಳುವಷ್ಟು ನಕ್ಕಿದ್ದರು.

ಆದರೆ ಆ ನೀರುದೋಸೆಯ ಕಾವಲಿಯ ವಿಷಯ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅವರ ಅಡುಗೆಮನೆಯಲ್ಲಿ ಮೊಳೆಗೆ ಒಂದು ಕಾವಲಿ ಬೇರೆಯಾಗಿ ತೂಗುತ್ತಿತ್ತು, ಹಿಡಿಗೆ ಕೆಂಪು ದಾರ ಸುತ್ತಿ. ಇದೇನು ಎಂದು ಕೇಳಿದೆ. "ಅದು ನಿಮ್ಮ ಕಾವಲಿ. ಅದಕ್ಕೆ ಮೀನು ಮೊಟ್ಟೆ ಮುಟ್ಟಿಸುವುದಿಲ್ಲ. ನಿಮ್ಮ ಯಜಮಾನರು ಅನುಮಾನದಲ್ಲಿ ತಿನ್ನಬಾರದಲ್ಲ" ಎಂದರು. ನಾವು ಸಸ್ಯಾಹಾರಿಗಳು ಎಂದು ನಾನು ಅವರಿಗೆ ಹೇಳಿದ್ದು ಒಂದೇ ಸಲ.

ಎರಡು ಮನೆಗಳ ನಿಜವಾದ ಜಗಳವೆಂದರೆ ಕರಿಬೇವಿನದು. ಗೋಡೆಯ ಪಕ್ಕ ನಮ್ಮನೆಯವರು ನೆಟ್ಟ ಗಿಡ ಈ ದೇಶದ ಮಳೆ ಬಿಸಿಲಿಗೆ ಮರವೇ ಆಗಿತ್ತು. ಅದರ ನೆರಳು ಮಧ್ಯಾಹ್ನದ ಮೇಲೆ ಬಾಯಮ್ಮನ ಅಂಗಳಕ್ಕೆ ಬೀಳುತ್ತಿತ್ತು. ಅಲ್ಲಿ ಅವರು ಮೀನಿನಂಗಡಿಯಿಂದ ತಂದ ನಾಲ್ಕು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ, ನೀರು ನಿಲ್ಲಿಸಿ, ಭತ್ತ ಬೆಳೆಯುತ್ತಿದ್ದರು. ನಗಬೇಡಿ, ನಾನೂ ಮೊದಲು ನಕ್ಕಿದ್ದೆ. ಸೆಪ್ಟೆಂಬರ್ ಎಂಟು ಅವರಿಗೆ ಮೊಂತಿ ಹಬ್ಬ, ಕನ್ಯಾ ಮರಿಯಮ್ಮನ ಹುಟ್ಟಿದ ದಿನ, ಹೊಸ ತೆನೆಯ ಹಬ್ಬ. ಆ ಹೊತ್ತಿಗೆ ತೆನೆ ಹಣ್ಣಾಗಬೇಕೆಂದು ಮೇ ತಿಂಗಳ ನಡುವೆ ಬಿತ್ತುತ್ತಿದ್ದರು. ಬೀಜ ಅವರ ತಾಯಿಯ ಮನೆಯಿಂದ ಬಂದದ್ದು, ಪ್ರತಿವರ್ಷ ಒಂದು ಹಿಡಿ ಜಾಮ್ ಬಾಟಲಿಯಲ್ಲಿ ಎತ್ತಿಡುತ್ತಿದ್ದರು.

ಜೂನ್ ಬಂತೆಂದರೆ ನಮ್ಮನೆಯವರಿಗೂ ಅವರಿಗೂ ಶುರು.

"ನನ್ನ ಗಿಡ, ನನ್ನ ಕಾಂಪೌಂಡು. ನಾನ್ಯಾಕೆ ಕಡೀಬೇಕು?" ಎಂದು ಇವರು.

"ಗಿಡ ನಿಮ್ಮದೇ, ಯಾರು ಇಲ್ಲ ಅಂದದ್ದು? ಬಿಸಿಲಿಗೆ ಕಾಂಪೌಂಡು ಉಂಟಾ?" ಎಂದು ಅವರು.

ಇವರು ಕಾರ್ಖಾನೆಗೆ ಹೊರಟ ಮೇಲೆ ನಾನು ಕತ್ತಿ ತಗೊಂಡು ಆಚೆಗೆ ಚಾಚಿದ ಕೊಂಬೆಗಳನ್ನು ಸವರುತ್ತಿದ್ದೆ. ಸೊಪ್ಪನ್ನು ಗೋಡೆಯ ಮೇಲಿಂದ ಕೊಟ್ಟರೆ ಬಾಯಮ್ಮ ಎರಡು ಕೈಯಲ್ಲಿ ತಗೊಂಡು, "ಇವತ್ತು ನನ್ನ ಬಂಗುಡೆಗೆ ನಿಮ್ಮ ಯಜಮಾನರ ಕರಿಬೇವು" ಎನ್ನುತ್ತಿದ್ದರು. ಸಂಜೆ ಇವರು ಮರ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಕಾಫಿ ಕುಡಿಯುತ್ತಿದ್ದರು. ಪ್ರತಿ ವರ್ಷ ಹೀಗೇ ನಡೆಯುತ್ತಿತ್ತು, ಯಾರಿಗೂ ನೋವಿರಲಿಲ್ಲ.

ಹಬ್ಬದ ದಿನ ತೆನೆಯನ್ನು ಇಗರ್ಜಿಗೆ ಒಯ್ದು ಮಂತ್ರಿಸಿಕೊಂಡು ಬಂದು, ಕಾಳು ಬಿಡಿಸಿ, ಸಿಪ್ಪೆ ಸುಲಿದು, ಪುಡಿ ಮಾಡಿ ತೆಂಗಿನ ಹಾಲಿಗೆ ಹಾಕುತ್ತಿದ್ದರು. ಒಬ್ಬರಿಗೆ ಒಂಬತ್ತು ಕಾಳು, ಅದು ಅವರ ಮನೆಯ ಲೆಕ್ಕ. ಊರಲ್ಲಿಲ್ಲದವರ ಪಾಲನ್ನೂ ಎಣಿಸಿ ತೆಗೆದಿಡುತ್ತಿದ್ದರು. ನಮಗೆ ಒಂಬತ್ತು ತರಕಾರಿಯ ಪಲ್ಯ, ಪಾಯಸ ಎಲ್ಲ ಬರುತ್ತಿತ್ತು, ಆ ಹೊಸ ಅಕ್ಕಿ ಮಾತ್ರ ಇಲ್ಲ. ಮೊದಲನೆಯ ವರ್ಷವೇ ಹೇಳಿಬಿಟ್ಟಿದ್ದರು: "ಬೇಜಾರು ಮಾಡ್ಬೇಡಿ ಆಯ್ತಾ. ಅದು ಮನೆಯವರಿಗೆ ಮಾತ್ರ. ಹೊರಗೆ ಕೊಡ್ಲಿಕ್ಕಿಲ್ಲ." ಇಲ್ಲ ಇಲ್ಲ, ಅದರಲ್ಲೇನಿದೆ ಎಂದೆ. ಒಳಗೆ ಬಂದು ಪಾತ್ರೆ ತೊಳೆಯುವಾಗ ಸ್ವಲ್ಪ ಸಿಟ್ಟು ಬಂದಿತ್ತು. ದಿನಕ್ಕೆ ನಾಲ್ಕು ಸಲ ಬಕೆಟ್ಟು ಹತ್ತಿ ನನ್ನ ಮನೆಯ ಸಾರಿಗೆ ಏನು ಹಾಕಿದೆ ಎಂದು ಕೇಳುವವರಿಗೆ ನಾನು ಹೊರಗಿನವಳೇ ಎಂದು.

ಹೋದ ವರ್ಷ ಜೂನ್‌ನಲ್ಲಿ ಮೇಘನಾ ಬಂದು ಸೋಫಾದ ಮೇಲೆ ಕೂತು, "ಅಮ್ಮಾ, ಗ್ಲೆನ್ ಅಂಡ್ ಮೀ, ವಿ ವಾಂಟ್ ಟು ಗೆಟ್ ಮ್ಯಾರೀಡ್" ಎಂದಳು. ಒಂದೇ ಬಸ್ಸಿನಲ್ಲಿ ಶಾಲೆಗೆ ಹೋದ ಮಕ್ಕಳು, ಇವಳಿಗೆ ಕಾರು ಕಲಿಸಿದವನು ಅವನೇ. ಅವನು ಆಗಲೇ ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಕೆಲಸಕ್ಕಿದ್ದ, ಶನಿವಾರ ಮನೆಗೆ ಬರುತ್ತಿದ್ದ. ನಾನು ಕಂಡಿಲ್ಲವೆಂದಲ್ಲ. ಕಂಡೂ ನೋಡದ ಹಾಗೆ ಇದ್ದೆ.

ನಮ್ಮನೆಯವರು ಕಿರುಚಲಿಲ್ಲ. ಕಿರುಚಿದ್ದರೆ ಆಗುತ್ತಿತ್ತು. "ಊರಲ್ಲಿ ಅಣ್ಣತಮ್ಮಂದಿರ ಮುಂದೆ ನಾನು ಹೆಂಗೆ ತಲೆ ಎತ್ತಲಿ?" ಎಂದು ಒಂದು ಸಲ ಕೇಳಿದರು, ಎದ್ದು ಹೋದರು. ಆಮೇಲೆ ನನ್ನನ್ನು ಕರೆದು, "ಈ ಸಲ ಮರಕ್ಕೆ ಕೈ ಹಚ್ಚಬೇಡ. ಒಂದು ಎಲೆನೂ ಕೀಳಬೇಡ" ಎಂದರು. ಇಷ್ಟು ವರ್ಷ ಕಡಿಯುತ್ತಿದ್ದುದು ನಾನೇ ಎಂದು ಅವರಿಗೆ ಗೊತ್ತಿತ್ತು. ನಾನು ಹೂಂ ಎಂದೆ.

ಬಾಯಮ್ಮನಿಗೂ ಮೊದಲು ಒಪ್ಪಿಗೆ ಇರಲಿಲ್ಲ, ಅದನ್ನು ಮುಚ್ಚಿಡಲಿಲ್ಲ. "ನನ್ನ ಮಗನಿಗೆ ಮೀನಿಲ್ಲದೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ನಿಮ್ಮ ಮಗಳು ಮೀನು ಕಂಡರೆ ಮೂಗು ಮುಚ್ಚುತ್ತಾಳೆ. ಎಂತ ಸಂಸಾರ ಮಾರಾಯ್ರೆ ಇದು?" ಎಂದರು. ನನಗೂ ರೇಗಿತು. ನನ್ನ ಮಗಳಿಗೇನು ಕಮ್ಮಿ ಎಂದೆ. ಎರಡು ವಾರ ಬಕೆಟ್ಟು ಎಳೆಯುವ ಸದ್ದೇ ಇಲ್ಲ. ಮೂರನೆಯ ವಾರ ಬೆರಳು ಕಂಡವು. "ಯೋಚನೆ ಮಾಡಿದೆ. ಎರಡು ಕಾವಲಿ ಇಟ್ಟರೆ ಆಯ್ತು. ನಾನು ಇಷ್ಟು ವರ್ಷ ಇಟ್ಟದ್ದಲ್ವಾ?" ಎಂದರು. ನಾನು ಕುಕ್ಕರು ಕೂಗಿತೆಂದು ಒಳಗೆ ಬಂದೆ.

ಮರ ಬೆಳೆಯಿತು. ನೆರಳು ಅವರ ಅರ್ಧ ಅಂಗಳ ನುಂಗಿತು. ಮಂಡಿ ನೋವಿನ ಹೆಂಗಸು, ದಿನಾ ಮಧ್ಯಾಹ್ನ ಒಂದೊಂದೇ ಪೆಟ್ಟಿಗೆಯನ್ನು ಸೊಂಟ ಬಗ್ಗಿಸಿ ಬಿಸಿಲಿದ್ದ ಕಡೆಗೆ ಎಳೆಯುತ್ತಿದ್ದರು. ಬಿಸಿಲು ಸರಿದ ಹಾಗೆ ಮತ್ತೆ ಎಳೆಯುತ್ತಿದ್ದರು. ಒಂದು ಪೆಟ್ಟಿಗೆ ಹಾಗೆ ಎಳೆಯುವಾಗಲೇ ಒಡೆದು ಕೆಸರೆಲ್ಲ ಚೆಲ್ಲಿತು. ನಾನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ಕತ್ತಿ ಅಡುಗೆಮನೆಯ ಮೂಲೆಯಲ್ಲೇ ಇತ್ತು. ಐದು ನಿಮಿಷದ ಕೆಲಸ. ನನ್ನ ಕೈಲಿ ಆಗಲಿಲ್ಲ. ಅವರೂ ಒಂದು ಸಲವೂ ಕೇಳಲಿಲ್ಲ, ಮರದ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಹಬ್ಬದ ದಿನ ಹನ್ನೊಂದು ಗಂಟೆಗೆ ನಮ್ಮ ಗೇಟು ಸದ್ದಾಯಿತು. ಗೋಡೆಯಲ್ಲ, ಗೇಟು. ಬಾಯಮ್ಮ ಇಗರ್ಜಿಗೆ ಉಡುವ ನೀಲಿ ಸೀರೆಯಲ್ಲಿ ನಿಂತಿದ್ದರು. ಕೈಯಲ್ಲಿ ಮುಚ್ಚಳ ಹಾಕಿದ ಒಂದು ಪುಟ್ಟ ಸ್ಟೀಲ್ ಬಟ್ಟಲು. ಅವರನ್ನು ಪೂರ್ತಿ, ತಲೆಯಿಂದ ಕಾಲಿನವರೆಗೆ, ಹಾಗೆ ಎದುರು ನೋಡುವುದೇ ನನಗೆ ಅಪರೂಪ. ಎಷ್ಟು ಸಣ್ಣಗಾಗಿದ್ದಾರೆ ಅನ್ನಿಸಿತು.

"ಇದು ಹೊಸ ಅಕ್ಕಿ. ಮೇಘನಾಳ ಪಾಲು. ಮಕ್ಕಳಿಗೆ ನಾನೆಂತದ್ದೂ ಹೇಳ್ಲಿಲ್ಲ. ತಾಯಿ ಕೈಯಿಂದ ಹೋಗ್ಬೇಕು, ನೀವೇ ಅವಳ ಬಾಯಿಗೆ ಹಾಕಿ. ಮತ್ತೆ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಒಳಗೆ ನಮ್ಮನೆಯವರು ಕೆಮ್ಮಿದರು. ಬಾಯಮ್ಮ ಮಾತು ನಿಲ್ಲಿಸಿ, ಬಟ್ಟಲನ್ನು ನನ್ನ ಕೈಗಿಟ್ಟು ಹೋದರು.

ಆ ಬಟ್ಟಲಿನ ಅರ್ಥ ಏನೆಂದು ನನಗೆ ಗೊತ್ತಿತ್ತು. ಹೊರಗಿನವರಿಗೆ ಕೊಡದ ಹೊಸ ಅಕ್ಕಿಯನ್ನು ಅವರು ನನ್ನ ಮಗಳಿಗೆ ಕೊಟ್ಟಿದ್ದರು. ಅಂದರೆ ಸೊಸೆ ಎಂದು ಎಣಿಸಿಯಾಗಿತ್ತು. ಅವಳು ತಿಂದರೆ ನಾವೂ ಒಪ್ಪಿದಂತೆ. ಇವರಿಗೂ ಅದು ತಿಳಿಯಿತು. ಬಟ್ಟಲು ನೋಡಿ, "ಅದನ್ನ ಅವಳಿಗೆ ಕೊಡಬೇಡ" ಎಂದಷ್ಟೇ ಹೇಳಿದರು. ವಾಪಸು ಕೊಡು ಅನ್ನಲಿಲ್ಲ. ನನಗೆ ಕೊಡುವ ಧೈರ್ಯವೂ ಇಲ್ಲ, ಎಸೆಯುವ ಧೈರ್ಯವೂ ಇಲ್ಲ. ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಹಿಂದೆ ಇಟ್ಟೆ.

ನಾಲ್ಕು ದಿನ ಗೋಡೆಯ ಹತ್ತಿರ ಸುಳಿಯಲಿಲ್ಲ. ಐದನೆಯ ದಿನ ಬಟ್ಟೆ ಒಣಗಿಸುವಾಗ ಸಿಕ್ಕಿಬಿದ್ದೆ.

"ಕೊಟ್ಟಿರಾ? ತಿಂದಳಾ?"

ಕನ್ನಡಕದ ಹಿಂದೆ ಆ ಕಣ್ಣು ಹಾಗೆ ಕಾಯುತ್ತಿತ್ತು. ನಾನು ತಲೆ ಆಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಆವತ್ತು ಸಮಾಧಾನ ಮಾಡಿಕೊಂಡೆ, ಅದೆಂಥ ಸಮಾಧಾನವೋ. ಬಾಯಮ್ಮ ಗೋಡೆಯ ಮೇಲಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಲು ನೋಡಿದರು. ಕೈ ಎಟುಕಲಿಲ್ಲ. ಒದ್ದೆ ಬಟ್ಟೆಯ ತುದಿ ಹಿಡಿದು ಅಲುಗಿಸಿ ಇಳಿದುಹೋದರು.

ಅಕ್ಟೋಬರ್‌ನ ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಬಾಯಮ್ಮನ ಗಂಡ ವರ್ಷಕ್ಕೆ ಹತ್ತು ಮಾತಾಡುವ ಮನುಷ್ಯ, ಅವತ್ತು ಕೋಟು ಹಾಕಿದ್ದರು. ಹಣ್ಣು ತಂದಿದ್ದರು, ಒಂದು ಕೇಕು ತಂದಿದ್ದರು. "ಮೊಟ್ಟೆ ಇಲ್ಲದ್ದು. ಸುಬಾಂಗ್ ಜಯಾದಿಂದ ತರಿಸಿದ್ದು" ಎಂದು ಬಾಯಮ್ಮ ಕೂರುವ ಮೊದಲೇ ಹೇಳಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ನೀವೂ ಒಪ್ಪಿದ ಮೇಲೆ ದಿನ ನೋಡುವುದು ಒಳ್ಳೇದಲ್ವಾ" ಎಂದರು.

ನಮ್ಮನೆಯವರು ಟೀವಿ ಆರಿಸಿದರು. "ಯಾರು ಹೇಳಿದ್ರು ನಿಮಗೆ, ನಾವು ಒಪ್ಪೀವಿ ಅಂತ?"

ನಾನು ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಮೆಟ್ಟಿಲ ಮೇಲೆ ಮೇಘನಾ. ಬಾಯಮ್ಮ ನನ್ನ ಕಡೆ ನೋಡಿದರು, ಒಂದೇ ಸಲ. ನಾನು ಹೇಳಬೇಕಿತ್ತು. ನಾನೇ ತಲೆ ಆಡಿಸಿದ್ದು, ನನಗೆ ಒಪ್ಪಿಗೆ ಇದೆ, ನೀವು ಏನಾದರೂ ಅನ್ನಿ ಎಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ತಟ್ಟೆಯ ಲೋಟಗಳನ್ನೇ ನೋಡುತ್ತಾ ನಿಂತೆ.

"ಇವರು ಎಂತದ್ದೂ ಹೇಳ್ಲಿಲ್ಲ" ಎಂದರು ಬಾಯಮ್ಮ. "ನನಗೆ ಮೊದಲಿಂದ ಅವಸರ ನೋಡಿ. ನಾನೇ ಅಂದಾಜು ಮಾಡಿದ್ದು. ತಪ್ಪು ನನ್ನದು."

ಎದ್ದು ಕೈ ಮುಗಿದು ಹೊರಟರು. ಆಚೆ ಗೇಟಿನ ಹತ್ತಿರ ಅವರ ಗಂಡ ಕೊಂಕಣಿಯಲ್ಲಿ ಬೈಯುವುದು ಕೇಳಿಸಿತು. ಅಷ್ಟು ವರ್ಷದಲ್ಲಿ ಆ ಮನುಷ್ಯನ ಏರುದನಿ ನಾನು ಕೇಳಿದ್ದು ಅದೊಂದೇ ಸಲ, ಮತ್ತು ಆ ಬೈಗುಳ ನನಗೆ ಸೇರಬೇಕಾದದ್ದು. ಕೇಕನ್ನು ನಾವು ಯಾರೂ ಮುಟ್ಟಲಿಲ್ಲ. ಮೂರು ದಿನದ ಮೇಲೆ ಇರುವೆ ಮುತ್ತಿತು.

ಇನ್ನು ಮುಗಿಯಿತು, ಈ ಜನ್ಮದಲ್ಲಿ ಅವರು ನನ್ನ ಹತ್ತಿರ ಮಾತಾಡುವುದಿಲ್ಲ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆಯೇ ಬಕೆಟ್ಟು ಕರ್ರೆಂದಿತು. ನಾನು ಹೋಗಿ ತಲೆ ತಗ್ಗಿಸಿ ನಿಂತೆ.

"ಫ್ರಿಜ್ಜಿನಲ್ಲಿ ಉಂಟಾ?" ಎಂದರು.

"ಫ್ರೀಜರಿನಲ್ಲಿದೆ" ಎಂದೆ.

"ಹಾಗಾದರೆ ಹಾಳಾಗುವುದಿಲ್ಲ. ಇರಲಿ. ಬಟ್ಟಲಿಗೆ ಅವಸರ ಇಲ್ಲ." ಆಮೇಲೆ ಎಂದಿನಂತೆ, "ಇವತ್ತು ಎಂತ ಸಾರು?" ಎಂದು ಕೇಳಿದರು. ನಾನು ಗೋಡೆಗೆ ಹಣೆ ಇಟ್ಟು ಅತ್ತೆ. ಅವರ ಬೆರಳು ನನ್ನ ತಲೆಯ ಮೇಲೆ ಇದ್ದವು, ಗೋಡೆಗೆ ಒರಗಿದ್ದರಿಂದ ಅವತ್ತು ಎಟುಕಿತು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಟ್ಟೆ ಮಡಿಸುತ್ತಾ ಕೂತ ಬಾಯಮ್ಮ ಹಾಗೇ ಒರಗಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರಿರಲಿಲ್ಲ. ನಾನೇ ಅವರ ಕೈ ಉಜ್ಜಿದ್ದು. ತಣ್ಣಗಿತ್ತು, ಎಷ್ಟು ಉಜ್ಜಿದರೂ ಬಿಸಿಯಾಗಲಿಲ್ಲ. ಅವರ ತಲೆ ನನ್ನ ತೊಡೆಯ ಮೇಲೆ ಇತ್ತು, ನನ್ನ ಸುಳ್ಳು ನನ್ನ ಮನೆಯ ಫ್ರೀಜರಿನಲ್ಲಿತ್ತು. ನಮ್ಮನೆಯವರು ಮಣ್ಣಿಗೆ ಬಂದರು, ಹಿಂದಿನ ಸಾಲಿನಲ್ಲಿ ನಿಂತರು, ಮುಗಿದ ಕೂಡಲೇ ಕಾರಿನಲ್ಲಿ ಹೋಗಿ ಕೂತರು.

ಏಪ್ರಿಲ್‌ನಲ್ಲಿ ಬಾಯಮ್ಮನ ಗಂಡ ಮನೆ ಖಾಲಿ ಮಾಡಿ ಮಗನ ಜೊತೆ ಪೆನಾಂಗ್‌ಗೆ ಹೊರಟರು. ಸಾಮಾನು ಲಾರಿಗೆ ಏರಿದ ಮೇಲೆ ನಮ್ಮ ಗೇಟಿಗೆ ಬಂದು ನನಗೆ ಎರಡು ವಸ್ತು ಕೊಟ್ಟರು: ಕೆಂಪು ದಾರ ಸುತ್ತಿದ ಕಾವಲಿ, ಹಿಂದೆ ಎತ್ತಿಟ್ಟು ಉಳಿದಿದ್ದ ಹಳೆಯ ಭತ್ತದ ಬೀಜದ ಜಾಮ್ ಬಾಟಲಿ. "ಅವಳದ್ದು ಒಂದು ಬಟ್ಟಲು ನಿಮ್ಮಲ್ಲಿ ಉಂಟಂತೆ" ಎಂದರು. ತಂದುಕೊಡುತ್ತೇನೆ ಎಂದೆ. ಬೇಡ ಎಂದು ಕೈ ಆಡಿಸಿದರು. ಆಮೇಲೆ ಆ ಮಾತಿಲ್ಲದ ಮನುಷ್ಯ, ನೆಲ ನೋಡುತ್ತಾ, ಒಂದೊಂದೇ ಮಾತು ಜೋಡಿಸಿ ಹೇಳಿದರು.

"ಆ ಸಲ ಭತ್ತ ಬರಲಿಲ್ಲ ನೋಡಿ, ನೆರಳಲ್ಲಿ ಎಲ್ಲ ಜೊಳ್ಳು. ಗಟ್ಟಿ ಇದ್ದದ್ದು ಮೂವತ್ತಾರು ಕಾಳು. ಮೇಜಿನ ಮೇಲೆ ಹಾಕಿ ಮೂರು ಸಲ ಎಣಿಸಿದಳು. ಅಂದರೆ ನಾಲ್ಕು ಜನರಿಗೆ. ನನ್ನದು, ಗ್ಲೆನ್‌ದು, ನಿಮ್ಮ ಮಗಳದ್ದು. ಮತ್ತೆ ಇವಳದ್ದು ಅಂತ ನಾನು ಎಣಿಸಿದ್ದೆ. ಇವಳು ತಿನ್ನಲಿಲ್ಲ. ಒಂಬತ್ತು ನಿಮ್ಮ ಮಗಳಿಗೆ, ಒಂಬತ್ತು ನಿಮಗೆ ಅಂತ ಒಂದೇ ಬಟ್ಟಲಿಗೆ ಹಾಕಿದಳು. ನಾನು ಕೇಳಿದೆ, ನಿನಗೆ ಅಂತ. 'ಇಷ್ಟು ವರ್ಷ ಅವರನ್ನು ಹೊರಗಿಟ್ಟೆ, ಈ ವರ್ಷ ನಾನು ಹೊರಗೆ ಇರ್ತೇನೆ' ಅಂದಳು."

ಹಬ್ಬದ ದಿನ ಗೇಟಿನಲ್ಲಿ ಬಾಯಮ್ಮ ನುಂಗಿದ "ಮತ್ತೆ..." ಅದಾಗಿತ್ತು.

ಅವತ್ತು ಸಂಜೆ ಬಟ್ಟಲು ತೆಗೆದು ಹೊರಗಿಟ್ಟೆ. ಕರಗಲು ಒಂದು ಗಂಟೆ ಹಿಡಿಯಿತು. ಮೇಘನಾ ಆಫೀಸಿನಿಂದ ಬಂದಳು, ಇವರು ಸೋಫಾದ ಮೇಲಿದ್ದರು. ಇವರ ಎದುರಿಗೇ, ನಡೆದದ್ದನ್ನೆಲ್ಲ ಮೊದಲಿಂದ ಹೇಳಿದೆ. ತಲೆ ಆಡಿಸಿದ್ದು, ಲೋಟದ ತಟ್ಟೆ ಹಿಡಿದು ಸುಮ್ಮನೆ ನಿಂತದ್ದು, ಎಲ್ಲ. "ನಂಗೆ ಒಪ್ಪಿಗೆ ಇದೆ. ಅವತ್ತೂ ಇತ್ತು" ಎಂದೆ. ಅಷ್ಟು ಹೇಳಲು ಆ ಹೆಂಗಸು ಸಾಯಬೇಕಾಯಿತು. ನಾನು ಚಮಚ ಹಿಡಿದೆ, ಮೇಘನಾ ಬಾಯಿ ತೆರೆದಳು, ಅವಳ ಬಾಯಿಗೆ ಹಾಕಿದೆ. ಉಳಿದದ್ದು ನಾನು ತಿಂದೆ. ಹಾಲು ಒಡೆದು ನೀರಾಗಿತ್ತು, ರುಚಿ ಏನೂ ಇರಲಿಲ್ಲ. ಇವರು ಎದ್ದು ಅಂಗಳಕ್ಕೆ ಹೋಗಿ ಕರಿಬೇವಿನ ಮರದ ಕೆಳಗೆ ನಿಂತರು. ಇವತ್ತಿನವರೆಗೂ ಆ ವಿಷಯ ಎತ್ತಿಲ್ಲ. ಮೇಘನಾ ತಿಂಗಳಿಗೊಮ್ಮೆ ಪೆನಾಂಗ್‌ಗೆ ಬಸ್ಸು ಹತ್ತುತ್ತಾಳೆ, ಹೇಳಿಯೇ ಹೋಗುತ್ತಾಳೆ. ಅಪ್ಪ ಹೂಂ ಅನ್ನಲಿ ಎಂದು ಅವಳೂ ಗ್ಲೆನ್ನೂ ಕಾಯುತ್ತಿದ್ದಾರೆ. ನಾನೂ ಕಾಯುತ್ತಿದ್ದೇನೆ, ಮತ್ತೇನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಮೇ ತಿಂಗಳಲ್ಲಿ ನಮ್ಮ ಅಂಗಳದಲ್ಲೇ ಒಂದು ಪೆಟ್ಟಿಗೆ ಭತ್ತ ಬಿತ್ತಿದೆ, ಬಿಸಿಲು ಬಂದ ಕಡೆಗೆ ದಿನಾ ಎಳೆಯುತ್ತೇನೆ. ಪಕ್ಕದ ಮನೆಗೆ ಇನ್ನೂ ಯಾರೂ ಬಂದಿಲ್ಲ. ಗೋಡೆಯ ಆಚೆ ಬಕೆಟ್ಟು ಬೋರಲಾಗಿಯೇ ಇದೆ. ಬಟ್ಟಲು ತೊಳೆದು, ಬರಿದು ಕೊಡಬಾರದೆಂದು ಒಂದು ಹಿಡಿ ಸಕ್ಕರೆ ತುಂಬಿ ಇಟ್ಟಿದ್ದೇನೆ. ವಾಪಸು ತಗೊಳ್ಳುವ ಕೈ ಇಲ್ಲ.